ಗುಂಡು ಎತ್ತಿಟ್ಟವರು ಯಾರು?

ಸೊಸೈಟಿ ಮುಂದೆ ಸೀಮೆಎಣ್ಣೆ ಡಬ್ಬ ಹಿಡಿದು ನಿಂತು ಬೆಳೆದ ತಲೆಮಾರಿಗೆ ಒಂದು ಅನುಮಾನ ರಕ್ತಗತವಾಗಿಬಿಟ್ಟಿದೆ. ‘ಮಾಲು ಬಂದಿಲ್ಲ’ ಎಂದು ಕೌಂಟರಿನವನು ಹೇಳಿದನೆಂದರೆ, ಬಂದಿದೆ, ಒಳಗಿಟ್ಟುಕೊಂಡಿದ್ದಾನೆ ಎಂದೇ ನಮ್ಮ ಲೆಕ್ಕ. ಎಷ್ಟೋ ಸಲ ಆ ಲೆಕ್ಕ ಸರಿಯೂ ಇರುತ್ತಿತ್ತು.

ಇದೇ ಅನುಮಾನ ಅಮೆರಿಕದಲ್ಲಿ ಬಂದೂಕಿನ ಗುಂಡು ಮಾರುವ ಅಂಗಡಿಗಳ ಮುಂದೆ ಹತ್ತು ವರ್ಷದೊಳಗೆ ಎರಡು ಸಲ ಎದ್ದಿತು. ಮೊದಲನೆಯದು 2013ರಲ್ಲಿ, ಎರಡನೆಯದು 2020-21ರಲ್ಲಿ. ಗುಂಡಿನ ಪೆಟ್ಟಿಗೆಗಳಿಂದ ತುಂಬಿರುತ್ತಿದ್ದ ಕಪಾಟುಗಳು ತಿಂಗಳುಗಟ್ಟಲೆ ಖಾಲಿ ಬಿದ್ದವು. ಬೆಳಕು ಹರಿಯುವ ಮುನ್ನ ಬಂದು ಸರತಿಯಲ್ಲಿ ನಿಂತವರಿಗೂ ಬರಿಗೈ. ಅಂಗಡಿಯವರೇ ಎತ್ತಿಟ್ಟುಕೊಂಡು ನೆಂಟರಿಗೆ, ಗೆಳೆಯರಿಗೆ ಕೊಡುತ್ತಿದ್ದಾರೆ, ಅಭಾವಕ್ಕೆ ಅವರೇ ಕಾರಣ ಎಂಬ ಮಾತು ಹಬ್ಬಿತು. ಈ ಮಾತಿನಲ್ಲಿ ಒಂದು ಪಾಲು ನಿಜ, ಉಳಿದದ್ದು ತಪ್ಪು. ಎರಡನ್ನೂ ಬಿಡಿಸಿ ನೋಡದಿದ್ದರೆ ಕೌಂಟರಿನ ಹಿಂದೆ ದಿನಗೂಲಿಯಂತೆ ದುಡಿಯುವ ಹುಡುಗನಿಗೂ ಅನ್ಯಾಯ, ಸರತಿಯಲ್ಲಿ ನಿಂತವನಿಗೂ ಅನ್ಯಾಯ.

ನಿಜದ ಪಾಲನ್ನು ಮೊದಲೇ ಹೇಳಿಬಿಡುತ್ತೇನೆ. ಎತ್ತಿಡುವುದು ಅಲ್ಲಲ್ಲಿ ನಡೆಯಿತು. ಲಾರಿಯಿಂದ ಇಳಿದ ಪೆಟ್ಟಿಗೆ ಕಪಾಟು ಸೇರುವ ಮೊದಲೇ ತನಗೊಂದು, ಪರಿಚಯದವನಿಗೊಂದು ಎಂದು ಪಕ್ಕಕ್ಕಿಟ್ಟ ಕೆಲಸಗಾರರಿದ್ದರು. ಲಾರಿ ಬರುವ ಹೊತ್ತನ್ನು ಗುಟ್ಟಾಗಿ ಫೋನಿನಲ್ಲಿ ತಿಳಿಸಿದವರೂ ಇದ್ದರು. ಹಾಗೆ ಕೈಸೇರಿದ ಮಾಲು ಆಮೇಲೆ ಎರಡು-ಮೂರು ಪಟ್ಟು ಬೆಲೆಗೆ ಕೈಬದಲಾದದ್ದೂ ಉಂಟು. ಇದೆಲ್ಲ ಬರೀ ವದಂತಿ ಎಂದು ತಳ್ಳಿಹಾಕುವುದು ಇನ್ನೊಂದು ತಪ್ಪು ಕಲ್ಪನೆಯಾದೀತು.

ಆದರೆ ಕಪಾಟು ಖಾಲಿಯಾದದ್ದು ಅವರಿಂದಲ್ಲ.

2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು ಶಾಲೆಯ 6 ಮಂದಿ ದೊಡ್ಡವರು ಗುಂಡಿಗೆ ಬಲಿಯಾದರು. ಆ ಸುದ್ದಿ ಓದಿದ ಯಾವ ತಂದೆತಾಯಿಯೂ ಅದನ್ನು ಮರೆತಿರಲಾರರು. ಬಂದೂಕಿನ ಮೇಲೆ ಕಠಿಣ ಕಾನೂನು ಬರಬೇಕೆಂಬ ಕೂಗು ಎದ್ದಿತು. ಅದರ ಬೆನ್ನಿಗೇ, ಕಾನೂನು ಬಂದರೆ ಆಮೇಲೆ ಸಿಗಲಿಕ್ಕಿಲ್ಲ ಎಂಬ ಭಯ ಬಂದೂಕು ಇದ್ದವರನ್ನು ಹಿಡಿಯಿತು. ತಿಂಗಳಿಗೊಂದು ಪೆಟ್ಟಿಗೆ ಒಯ್ಯುತ್ತಿದ್ದವರು ಹತ್ತು ಒಯ್ದರು. 2013ರ ಜನವರಿಯಲ್ಲಿ ವಾಲ್‌ಮಾರ್ಟ್ ಒಬ್ಬ ಗಿರಾಕಿಗೆ ದಿನಕ್ಕೆ ಮೂರೇ ಪೆಟ್ಟಿಗೆ ಎಂದು ಮಿತಿ ಹಾಕಬೇಕಾಯಿತು.

ಹೆಚ್ಚು ಪರದಾಟ .22 ಗುಂಡಿಗೆ. ಅದು ಬಹಳ ಸಣ್ಣದು, ಅಗ್ಗದ್ದು, ಹತ್ತೊಂಬತ್ತನೆಯ ಶತಮಾನದಿಂದ ಬಳಕೆಯಲ್ಲಿರುವುದು. ಮಕ್ಕಳಿಗೆ ಗುರಿ ಹೊಡೆಯಲು ಕಲಿಸುವುದು ಅದರಲ್ಲೇ, ಹೊಲಕ್ಕೆ ನುಗ್ಗುವ ಸಣ್ಣ ಪ್ರಾಣಿ ಓಡಿಸುವುದೂ ಅದರಲ್ಲೇ. 500 ಗುಂಡಿನ ಒಂದು ಕಟ್ಟನ್ನು ಅಲ್ಲಿ ‘ಬ್ರಿಕ್’ ಎನ್ನುತ್ತಾರೆ, ನಿಜಕ್ಕೂ ಇಟ್ಟಿಗೆಯಷ್ಟೇ ಗಾತ್ರ. ಇಷ್ಟು ಅಗ್ಗದ ಮಾಲು ಇಷ್ಟು ದಿನ ಮಾಯವಾದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಆ ಗುಂಡಿನ ಒಡಲಲ್ಲೇ ಇದೆ. ದೊಡ್ಡ ಗುಂಡುಗಳಿಗೆ ಬುಡದ ನಡುವೆ ಬೇರೆಯಾಗಿ ಕೂರಿಸಿದ ಪ್ರೈಮರ್ ಇರುತ್ತದೆ, ಅಂದರೆ ಕಿಡಿ ಹಚ್ಚುವ ಪುಟ್ಟ ಬಟ್ಟಲು. ಹಾರಿಸಿದ ಮೇಲೆ ಖಾಲಿ ಕೋಶಕ್ಕೆ ಹೊಸ ಪ್ರೈಮರ್, ಮದ್ದು, ಸೀಸ ತುಂಬಿ ಮನೆಯಲ್ಲೇ ಮತ್ತೆ ಗುಂಡು ಕಟ್ಟಿಕೊಳ್ಳುವ ಹವ್ಯಾಸಿಗಳು ಅಲ್ಲಿ ಬಹಳ. .22ರಲ್ಲಿ ಆ ಕಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಸೂಜಿ ಬಡಿದು ಅಂಚು ಜಜ್ಜಿದರೆ ಆ ಕೋಶದ ಕತೆ ಮುಗಿದಂತೆ. ಹಾಗಾಗಿ ಪ್ರತಿ ಗುಂಡೂ ಕಾರ್ಖಾನೆಯಿಂದಲೇ ಬರಬೇಕು. ಅದಕ್ಕೆ ಬೇಕಾದ ಯಂತ್ರಗಳೂ ಬೇರೆ, ಮಾಡುವ ಕಂಪನಿಗಳೂ ಕೈಬೆರಳೆಣಿಕೆಯಷ್ಟು.

ಕಂಪನಿಗಳು ಬೇಕೆಂದೇ ತಯಾರಿಕೆ ತಗ್ಗಿಸಿ ಬೆಲೆ ಏರಿಸಿದವು ಎಂದವರೂ ಇದ್ದಾರೆ. ಆದರೆ ಇದ್ದ ಯಂತ್ರಗಳು ಹಗಲು ರಾತ್ರಿ ಓಡುತ್ತಿದ್ದವು. ಹೊಸ ಯಂತ್ರ ಹಾಕಲು ಮಾತ್ರ ಕಂಪನಿಗಳು ಹಿಂಜರಿದದ್ದು ನಿಜ. ಕಾರಣ, ಭಯದ ಗಿರಾಕಿ ಭಯ ಇಳಿದೊಡನೆ ಮನೆ ಸೇರುತ್ತಾನೆ. 2016ರ ಅಧ್ಯಕ್ಷ ಚುನಾವಣೆಯ ನಂತರ ಕಠಿಣ ಕಾನೂನಿನ ಭಯ ಇಳಿದು ಮಾರಾಟ ಕುಸಿಯಿತು. 1816ರಲ್ಲಿ ಶುರುವಾದ, ಬಂದೂಕು, ಗುಂಡು ಎರಡನ್ನೂ ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿ, ಮೊದಲೇ ಸಾಲದಲ್ಲಿದ್ದದ್ದು, 2018ರಲ್ಲಿ ಒಮ್ಮೆ, 2020ರ ಜುಲೈನಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿತು. ಎರಡನೆಯ ಅರ್ಜಿ ಹಾಕುವ ಹೊತ್ತಿಗೆ ದೇಶದಲ್ಲಿ ಗುಂಡಿಗೆ ಹಾಹಾಕಾರ ಎದ್ದಿತ್ತು.

ಆ ಹಾಹಾಕಾರದ ಅಳತೆ ನೋಡಿ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಗಳ ಲೆಕ್ಕವನ್ನು ಎಫ್‌ಬಿಐ ಇಡುತ್ತದೆ. 2019ರಲ್ಲಿ ಅವು ಸುಮಾರು 2.84 ಕೋಟಿ ಇದ್ದವು, 2020ರಲ್ಲಿ ಸುಮಾರು 3.97 ಕೋಟಿ. ತಪಾಸಣೆಯೆಲ್ಲ ಮಾರಾಟವಲ್ಲ, ಪರವಾನಗಿಗಾಗಿ ನಡೆದವೂ ಅದರಲ್ಲಿ ಸೇರಿವೆ. ಆದರೂ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದು ಸ್ಪಷ್ಟ. ಕೊರೊನಾ, ಬೀದಿ ಪ್ರತಿಭಟನೆ, ಚುನಾವಣೆ ಎಲ್ಲ ಒಂದೇ ವರ್ಷದಲ್ಲಿ. ಆ ವರ್ಷ ಮೊದಲ ಸಲ ಬಂದೂಕು ಕೊಂಡವರೇ 84 ಲಕ್ಷ ಎಂದು ಬಂದೂಕು ವ್ಯಾಪಾರಿಗಳ ರಾಷ್ಟ್ರೀಯ ಸಂಘ ಅಂದಾಜಿಸಿತು. ಅವರು ತಲಾ 50 ಗುಂಡಿನ ಎರಡೇ ಪೆಟ್ಟಿಗೆ ಒಯ್ದರು ಎಂದುಕೊಂಡರೂ 84 ಕೋಟಿ ಗುಂಡು ಬೇಕು. ಅದೂ ಹಳಬರ ಬೇಡಿಕೆ ಸೇರಿಸದೆ. ಈ ಲೆಕ್ಕದ ಮುಂದೆ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಎತ್ತಿಟ್ಟ ನಾಲ್ಕು ಪೆಟ್ಟಿಗೆ ಯಾವ ಮೂಲೆಗೆ? ಎತ್ತಿಟ್ಟದ್ದೂ ಕೊನೆಗೆ ಯಾರೋ ಒಬ್ಬ ಗುಂಡು ಬೇಕಿದ್ದವನ ಕೈಗೇ ಹೋಗುತ್ತದೆ. ದೇಶದಲ್ಲಿರುವ ಗುಂಡಿನ ಸಂಖ್ಯೆ ಅದರಿಂದ ಕಡಿಮೆಯಾಗುವುದಿಲ್ಲ, ಅದು ಯಾರಿಗೆ ಸಿಕ್ಕಿತು ಎಂಬುದು ಬದಲಾಗುತ್ತದೆ.

ನಮ್ಮವರಿಗೆ ಇದು ಸುಲಭಕ್ಕೆ ಅರ್ಥವಾಗದಿರಲು ಒಂದು ಕಾರಣವಿದೆ. ನಮ್ಮಲ್ಲಿ ಒಂದು ಹೊತ್ತಿಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದನ್ನು ಬಂದೂಕಿನ ಲೈಸೆನ್ಸಿನಲ್ಲೇ ಬರೆದಿರುತ್ತಾರೆ. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಅಂಥ ಮಿತಿ ಇಲ್ಲ. ಹಣವಿದ್ದವನು ಗ್ಯಾರೇಜು ತುಂಬ ಪೇರಿಸಿಟ್ಟುಕೊಳ್ಳಬಹುದು. ಗುಂಡು ಅಡಗಿದ್ದು ಹೆಚ್ಚಾಗಿ ಅಂಥ ಮನೆಗಳಲ್ಲಿ.

‘ಕಂಪ್ಯೂಟರ್ ಆರು ಪೆಟ್ಟಿಗೆ ಇದೆ ಎನ್ನುತ್ತದೆ, ಕಪಾಟಿನಲ್ಲಿ ಒಂದೂ ಇಲ್ಲ, ಅಂದರೆ ಒಳಗಿಟ್ಟಿದ್ದಾರೆ’ ಎಂಬುದು ಗಿರಾಕಿಗಳ ದೊಡ್ಡ ಸಾಕ್ಷ್ಯ. ಇದು ಗಟ್ಟಿ ಸಾಕ್ಷ್ಯವಲ್ಲ. ಲಾರಿಯಿಂದ ಇಳಿದ ಮಾಲು ಲೆಕ್ಕಕ್ಕೆ ಸೇರಿ, ಕಟ್ಟು ಬಿಚ್ಚದೆ ಹಿಂದಿನ ಕೋಣೆಯಲ್ಲೇ ಕೂತಿರಬಹುದು. ಕಳವಾದದ್ದು, ಎಣಿಕೆ ತಪ್ಪಿದ್ದು, ಬೇರೆ ಕಡೆ ಇಟ್ಟದ್ದು ಇವೆಲ್ಲ ಮುಂದಿನ ದಾಸ್ತಾನು ಎಣಿಕೆಯವರೆಗೆ ಪರದೆಯ ಮೇಲೆ ‘ಇದೆ’ ಎಂದೇ ಕಾಣುತ್ತವೆ. ಅಕ್ಕಿ, ಸಾಬೂನು ಮಾರುವ ಅಂಗಡಿಗಳಿಗೂ ಈ ತಲೆನೋವು ಇದ್ದದ್ದೇ. ದೊಡ್ಡ ಅಂಗಡಿಗಳಲ್ಲಿ ಗುಂಡಿನ ಗಾಜಿನ ಕಪಾಟಿಗೆ ಬೀಗವಿರುತ್ತದೆ. ಕೀಲಿ ಇರುವವರು ಬರದೆ ಹೊಸ ಮಾಲು ಒಳಗೆ ಹೋಗದು, ಇದ್ದ ಮಾಲು ಹೊರಗೆ ಬಾರದು.

‘ರೈಫಲ್‌ಗೋ ಪಿಸ್ತೂಲಿಗೋ?’ ಎಂದು ಕೌಂಟರಿನವನು ಕೇಳಿದರೆ, ಕೊಡದಿರಲು ನೆಪ ಹುಡುಕುತ್ತಿದ್ದಾನೆ ಎಂದು ಸಿಟ್ಟಾದವರು ಎಷ್ಟೋ ಮಂದಿ. ಅದು ಕಾನೂನು ಕೇಳಿಸುವ ಪ್ರಶ್ನೆ. ಲೈಸೆನ್ಸು ಪಡೆದ ವ್ಯಾಪಾರಿ ರೈಫಲ್ ಗುಂಡನ್ನು 18 ತುಂಬಿದವರಿಗೆ, ಕೈಬಂದೂಕಿನ ಗುಂಡನ್ನು 21 ತುಂಬಿದವರಿಗೆ ಮಾತ್ರ ಮಾರಬಹುದು. .22 ಎರಡರಲ್ಲೂ ನಡೆಯುತ್ತದೆ. ಎದುರಿಗೆ 19ರ ಹುಡುಗ ನಿಂತಿದ್ದರೆ ಕೇಳದೆ ಕೊಡುವಂತಿಲ್ಲ.

ಸರ್ಕಾರವೇ ಗುಂಡನ್ನೆಲ್ಲ ಬಾಚಿಕೊಂಡಿತು ಎಂಬ ಮಾತು ಅಂಗಡಿಯವರ ಮೇಲಿನ ಅನುಮಾನಕ್ಕಿಂತ ದೂರ ಹೋಯಿತು. ಅಮೆರಿಕದ ಒಳಾಡಳಿತ ಭದ್ರತಾ ಇಲಾಖೆ 160 ಕೋಟಿ ಗುಂಡು ಕೊಳ್ಳುತ್ತಿದೆ ಎಂದು 2013ರಲ್ಲಿ ಸಂಸತ್ತಿನವರೆಗೂ ಸದ್ದಾಯಿತು. ಆ ಸಂಖ್ಯೆ ಹಲವು ವರ್ಷಗಳ ಗುತ್ತಿಗೆಗಳ ಗರಿಷ್ಠ ಮಿತಿಗಳನ್ನು ಕೂಡಿಸಿದ್ದು, ಖರೀದಿಯಲ್ಲ. ಸಂಸತ್ತಿಗೆ ಉತ್ತರಿಸುವ ಲೆಕ್ಕಪರಿಶೋಧನಾ ಕಚೇರಿ ತನಿಖೆ ಮಾಡಿ 2014ರಲ್ಲಿ ವರದಿ ಕೊಟ್ಟಿತು. ಇಲಾಖೆ ವರ್ಷಕ್ಕೆ ಸರಾಸರಿ 10.9 ಕೋಟಿ ಗುಂಡು ಕೊಂಡಿತ್ತು, 2013ರ ಆರ್ಥಿಕ ವರ್ಷದಲ್ಲಿ 8.4 ಕೋಟಿ, ಅಂದರೆ ಹಿಂದಿನ ವರ್ಷಗಳಿಗಿಂತ ಕಡಿಮೆ. ಮಿಸ್ಸೌರಿಯ ಹರ್ಕ್ಯುಲೇನಿಯಮ್ ಊರಿನ ಸೀಸದ ಕಾರ್ಖಾನೆ ಮುಚ್ಚಿದ್ದರಿಂದ ಅಭಾವ ಎಂದವರಿಗೆ ಪಂಚಾಂಗವೇ ಉತ್ತರ: ಅದು ಮುಚ್ಚಿದ್ದು 2013ರ ಡಿಸೆಂಬರಿನಲ್ಲಿ, ಕಪಾಟುಗಳು ಖಾಲಿಯಾಗಿ ವರ್ಷವಾದ ಮೇಲೆ. ಅಲ್ಲದೆ ಗುಂಡಿಗೆ ಹೋಗುವ ಸೀಸ ಬಹುಪಾಲು ಹಳೆ ಬ್ಯಾಟರಿಗಳನ್ನು ಕರಗಿಸಿ ತೆಗೆದದ್ದು.

ಎತ್ತಿಡುವುದು ಅಪರಾಧ, ಹಿಡಿದು ಒಳಗೆ ಹಾಕಬೇಕು ಎಂಬುದು ಹೆಚ್ಚಾಗಿ ನಮ್ಮ ಕಡೆಯ ಯೋಚನೆ. 1955ರ ಅಗತ್ಯ ವಸ್ತುಗಳ ಕಾಯ್ದೆಯ ನೆರಳಲ್ಲಿ ಬೆಳೆದವರು ನಾವು. ಅಮೆರಿಕದಲ್ಲಿ ಕೆಲಸಗಾರ ಒಂದು ಪೆಟ್ಟಿಗೆ ಪಕ್ಕಕ್ಕಿಟ್ಟು, ಆಮೇಲೆ ಹಣ ಕೊಟ್ಟು ಒಯ್ದರೆ ಅದು ಸಾಮಾನ್ಯವಾಗಿ ಪೊಲೀಸರ ವಿಷಯವಲ್ಲ, ಮಾಲೀಕನ ವಿಷಯ. ಮಾಲೀಕನ ನಿಯಮ ಮುರಿದರೆ ಕೆಲಸ ಹೋಗುತ್ತದೆ, ಅಷ್ಟೇ.

ಸಣ್ಣ ಬಂದೂಕು ಅಂಗಡಿಗಳಲ್ಲಿ ನಡೆದದ್ದನ್ನು ಇದರೊಂದಿಗೆ ಬೆರೆಸಬಾರದು. 2020ರಲ್ಲಿ ಎಷ್ಟೋ ಮಾಲೀಕರು ಬಂದೂಕು ಕೊಂಡವರಿಗೆ ಮಾತ್ರ ಒಂದೆರಡು ಪೆಟ್ಟಿಗೆ ಎಂದು ಬಾಯಿಬಿಟ್ಟೇ ಹೇಳಿ ಎತ್ತಿಟ್ಟರು. ಗುಂಡಿಲ್ಲದ ಬಂದೂಕು ಯಾರಿಗೆ ಬೇಕು? ವರ್ಷಗಳ ಗಿರಾಕಿಗೆಂದು ಇಟ್ಟುಕೊಟ್ಟವರೂ ಇದ್ದರು. ಮಾಲೀಕ ತನ್ನ ಮಾಲನ್ನು ಹೇಳಿ ಎತ್ತಿಡುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಕೆಲಸಗಾರನ ವಿಷಯದಲ್ಲೂ ಗೆರೆ ಎಳೆಯುವುದು ಕಷ್ಟವೇನಲ್ಲ. ಪಾಳಿ ಮುಗಿಸಿ, ಸರತಿಯಲ್ಲಿ ನಿಂತು, ಮಿತಿಯೊಳಗೆ ಕೊಂಡರೆ ಅವನೂ ಒಬ್ಬ ಗಿರಾಕಿ. ಅವನಿಗೂ ಮಗನಿದ್ದಾನೆ, ಭಾನುವಾರದ ಗುರಿ ಅಭ್ಯಾಸವಿದೆ. ಕಪಾಟು ಸೇರುವ ಮೊದಲೇ ತೆಗೆದಿಟ್ಟು ‘ಮಾಲು ಬಂದಿಲ್ಲ’ ಎಂದು ಹೇಳಿದರೆ, ಅವನು ಕಸಿದದ್ದು ಎದುರಿಗೆ ನಿಂತ ಒಬ್ಬನ ಪಾಲು. ಆ ಒಬ್ಬನು ಬೆಳಗಿನ ನಾಲ್ಕಕ್ಕೆ ಎದ್ದು, ಹಿಮದಲ್ಲಿ ಗಾಡಿ ಓಡಿಸಿಕೊಂಡು ಬಂದು, ಬಾಗಿಲು ತೆರೆಯುವವರೆಗೆ ಹೊರಗೆ ನಿಂತಿದ್ದವನು. ದೇಶದ ಲೆಕ್ಕದಲ್ಲಿ ಅವನ ಆ ಒಂದು ಪೆಟ್ಟಿಗೆ ಕಾಣುವುದೇ ಇಲ್ಲ. ಅವನಿಗೆ ಮಾತ್ರ ಅಂದು ಬೇಕಿದ್ದದ್ದು ಅದೊಂದೇ.