ಮಾತಿನ ನಾಟಕ, ಮೂಕ ಚಿತ್ರ

ಶೂದ್ರಕನ ‘ಮೃಚ್ಛಕಟಿಕ’ವನ್ನು ಓದಿದವರು ಶಕಾರನನ್ನು ಮರೆಯಲಾರರು. ಸಕಾರವಿರುವೆಡೆ ಶಕಾರವನ್ನು ನುಡಿಯುವ, ಪುರಾಣದ ಹೆಸರುಗಳನ್ನು ಅದಲುಬದಲು ಮಾಡುವ ಆ ಮೂಢದುಷ್ಟನಿಗೆ ಹೆಸರು ಬಂದುದೇ ನಾಲಗೆಯಿಂದ. ಚಾರುದತ್ತನದು ಸಂಸ್ಕೃತ, ಉಳಿದ ಹಲವರದು ಬಗೆಬಗೆಯ ಪ್ರಾಕೃತ. ತಿಪಟೂರಿನ ತರಗತಿಯಲ್ಲಿ ನಾನು ಈ ನಾಟಕವನ್ನು ಹೇಳುವಾಗ ವಿದ್ಯಾರ್ಥಿಗಳು ನಗುವುದೂ ಶಕಾರನ ಮಾತಿಗೇ.

ಮಾತೇ ಜೀವಾಳವಾದ ಈ ಕೃತಿಯನ್ನು 1930ರ ಸುಮಾರಿಗೆ ಮೋಹನ್ ಭವನಾನಿಯವರು ‘ವಸಂತಸೇನಾ’ ಎಂಬ ಮೂಕಚಿತ್ರವಾಗಿಸಿದರು. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ಅಭಿನಯಿಸಿದರು. ಅವರೊಡನೆ ನಮ್ಮ ಟಿ. ಪಿ. ಕೈಲಾಸಂ! ಇಂಗ್ಲಿಷು ಬೆರೆತ ಮನೆಮಾತಿನಿಂದ ಕನ್ನಡ ರಂಗಭೂಮಿಗೆ ಹೊಸ ಉಸಿರು ತಂದವರು ತೆರೆಯ ಮೇಲೆ ಮೂಕರಾಗಿ ನಿಂತರು. ನಾಲಗೆಯ ಕೆಲಸವನ್ನು ಕಣ್ಣು, ಹುಬ್ಬು, ಬೆರಳುಗಳು ಹೇಗೆ ನಡೆಸಿದುವು? ನೋಡಿ ತಿಳಿಯೋಣವೆಂದರೆ ಚಿತ್ರವೇ ಇಲ್ಲ.

ಮೌನವೇ ಆ ಚಿತ್ರಗಳಿಗೆ ಮುಳುವಾಯಿತೆನ್ನುವಂತಿಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ ಬರೆದ, 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಕೂಡ ಉಳಿಯಲಿಲ್ಲ. ಅಂದಿನ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದು. ಸುಮ್ಮನಿಟ್ಟರೂ ಕ್ರಮೇಣ ಪುಡಿಯಾಗುವಂಥದು. ಓಡಿ ಸವೆದ ಸುರುಳಿಗಳನ್ನು ಅದರೊಳಗಿನ ಬೆಳ್ಳಿಗಾಗಿ ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದುದು 1964ರಲ್ಲಿ. ಅಷ್ಟರಲ್ಲಿ ಬಹುಪಾಲು ಹೋಗಿತ್ತು. ಶೂದ್ರಕನ ನಾಟಕವಾದರೋ ಓಲೆ ಸವೆದಂತೆಲ್ಲ ಹೊಸ ಓಲೆಗೆ ಏರಿ, ಸಾವಿರ ವರ್ಷಕ್ಕೂ ಮಿಗಿಲಾಗಿ ಬಾಳಿದೆ. ಪ್ರತಿ ಮಾಡುವವನಿದ್ದ ಕೃತಿ ಉಳಿಯಿತು, ಇಲ್ಲದ್ದು ಅಳಿಯಿತು.

ಕಾಪಿಡುವುದೂ ಒಂದು ದುಡಿಮೆಯೆಂಬುದನ್ನು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಜೋಪಾನ ಮಾಡಿದರೆ ಒಳಗಿನ ನೀರಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಗಿಟಕು ಕೊಬ್ಬರಿಯಾಗುತ್ತದೆ. ನಡುವೆ ಸೂರು ಸೋರಿದರೆ ವರ್ಷದ ಫಲ ಹಾಳು.

ಅಂಥ ಅಟ್ಟಗಳಲ್ಲಿ ಕೊಬ್ಬರಿಯ ಜತೆಗೆ ಹಳೆಯ ಕಾಗದದ ಗಂಟುಗಳೂ ಇರುತ್ತವೆ. 1932ರಲ್ಲಿ ‘ಹರಿಮಾಯಾ’ ಮೂಕಚಿತ್ರವನ್ನು ನಿರ್ಮಿಸಿದ ವೀರಣ್ಣನವರ ಗುಬ್ಬಿ ನಮ್ಮ ರೈಲುದಾರಿಯಲ್ಲೇ ಇದೆ. ನಾಟಕ ಕಂಪನಿಯ ಕರಪತ್ರ, ಚಿತ್ರದ ಕಥಾಸಾರ, ಹಾಡಿನ ಪುಸ್ತಿಕೆ, ಒಂದು ಮಾಸಿದ ಭಾವಚಿತ್ರ: ಇವುಗಳಲ್ಲಿ ಯಾವುದು ದೊರೆತರೂ ಕಳೆದ ಚಿತ್ರದ ಒಂದು ಚೂರು ದೊರೆತಂತೆ. ಅಧ್ಯಾಪಕ ಮಿತ್ರರು ಈ ರಜೆಯಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಅಟ್ಟ ಹತ್ತಿಸಲಿ. ಸಿಕ್ಕಿದ ಕಾಗದ ಒಲೆಗೋ ತೂಕಕ್ಕೋ ಹೋಗುವ ಮುನ್ನ ಒಂದು ಪ್ರತಿಯಾದರೂ ಆಗಲಿ.