ಡಾಂಬರಿನ ಕೆಳಗೊಂದು ಎರೆಹೊಲ

ರಸ್ತೆ ಕಟ್ಟುವ ನಿಯಮಗಳು ಐದು ದಶಕಗಳಲ್ಲಿ ಹಲವು ಸಲ ತಿದ್ದುಪಡಿಯಾಗಿವೆ. ಪ್ರತಿ ಸಲವೂ ಎಂಜಿನಿಯರರ ಗಮನ ಡಾಂಬರಿನಿಂದ ಕೆಳಗಿಳಿದು ಮಣ್ಣು, ನೀರು, ಭಾರದ ಕಡೆಗೆ ಹೊರಳಿದೆ. ದಾವಣಗೆರೆ ಸೀಮೆಯ ಲೋಕಿಕೆರೆಯಂಥ ಊರುಗಳ ಜನರ ಗಮನವೂ ಅಲ್ಲಿಗೆ ಇಳಿಯಬೇಕಿದೆ.

ಬೇಸಿಗೆಯಲ್ಲಿ ಎರೆಹೊಲಕ್ಕೆ ಕಾಲಿಟ್ಟವರಿಗೆ ಆ ನೆಲದ ಗುಣ ಗೊತ್ತು. ಬಿರುಕುಗಳು ಬಾಯಿ ತೆರೆದು ಮಲಗಿರುತ್ತವೆ, ಕೈ ಇಳಿಬಿಟ್ಟರೆ ಮೊಣಕೈ ತನಕ ಹೋಗುತ್ತದೆ. ಹದ ಮಳೆ ಬಿದ್ದ ನಾಲ್ಕೇ ದಿನಕ್ಕೆ ಅದೇ ನೆಲ ಉಬ್ಬಿ, ಬಿರುಕೆಲ್ಲ ಮುಚ್ಚಿ, ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಉಬ್ಬುವುದು, ಕುಗ್ಗುವುದು, ಮತ್ತೆ ಉಬ್ಬುವುದು ಎರೆಮಣ್ಣಿನ ಹುಟ್ಟುಗುಣ. ನೀರು ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಹತ್ತಿ, ಜೋಳ ಬೆಳೆದವು, ದಾವಣಗೆರೆಗೆ ಹತ್ತಿ ಗಿರಣಿಗಳು ಬಂದವು. ಆದರೆ ಹೊಲಕ್ಕೆ ವರವಾದದ್ದು ರಸ್ತೆಗೆ ಶಾಪ. ಎರೆನೆಲದ ಮೇಲೆ ಹಾಸಿದ ಡಾಂಬರು ವರ್ಷಕ್ಕೆರಡು ಸಲ ಏಳುವ, ಕೂರುವ ಹಾಸಿಗೆಯ ಮೇಲೆ ಮಲಗಿದಂತೆ.

ದಾವಣಗೆರೆ ನಗರದಲ್ಲಿ ಒಂದು ರಸ್ತೆಗೆ ಲೋಕಿಕೆರೆ ರಸ್ತೆ ಎಂದೇ ಹೆಸರು. ಪೇಟೆ ದಾಟಿ ಹಳ್ಳಿಗಳ ಕಡೆ ಹೊರಳಿದರೆ ಸಿಗುವುದು ಭದ್ರಾ ನಾಲೆಯ ಸೀಮೆ: ಭತ್ತದ ಗದ್ದೆ, ಅಡಿಕೆ ತೋಟ, ಕಬ್ಬು, ಅಲ್ಲಲ್ಲಿ ಮೆಕ್ಕೆಜೋಳ. ಇಂಥ ರಸ್ತೆಗಳು ಹಾಳಾದಾಗ ಕೇಳಿಬರುವ ಮಾತು ಒಂದೇ, ‘ಡಾಂಬರೇ ಹಾಕಿಲ್ಲ ನೋಡ್ರಿ, ಕೈಲಿ ಕಿತ್ರೆ ಬರ್ತೈತೆ.’ ದೂರು ಹಲವು ಸಲ ನಿಜವೂ ಹೌದು. ಆದರೆ ರಸ್ತೆಯ ಆಯುಸ್ಸನ್ನು ಡಾಂಬರೊಂದೇ ತೀರ್ಮಾನಿಸುವುದಿಲ್ಲ. ಕೆಳಗಿನ ಮಣ್ಣು, ಪಕ್ಕದ ನೀರು, ಮೇಲಿನ ಗಾಲಿ, ಈ ಮೂರನ್ನೂ ಲೆಕ್ಕಕ್ಕೆ ಹಿಡಿಯದ ರಸ್ತೆಗೆ ಎಷ್ಟು ಸಲ ಡಾಂಬರು ಹಾಕಿದರೂ ಅದು ಸುಣ್ಣ ಬಳಿದಷ್ಟೇ.

ಕಾಣುವ ಹೊಳೆ, ಕಾಣದ ಹೊಳೆ

ಮೈಸೂರು ಸಂಸ್ಥಾನದಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ. ಅದಕ್ಕೂ ಮುಂಚೆ ಕೆರೆ, ಕಾಲುವೆ, ದಾರಿಗಳ ದುರಸ್ತಿ ಮರಾಮತ್ತು ಇಲಾಖೆಯ ಪಾಲಿಗಿತ್ತು. ಹೊಸ ಇಲಾಖೆ ಕಟ್ಟಿಸಿದ ದೊಡ್ಡ ಕೆಲಸಗಳಲ್ಲೊಂದು ನಮ್ಮ ಹರಿಹರದಲ್ಲೇ ಇದೆ. ಬೆಂಗಳೂರು–ಧಾರವಾಡ ಹೆದ್ದಾರಿಯನ್ನು ತುಂಗಭದ್ರೆಯ ಆಚೆ ದಡಕ್ಕೆ ದಾಟಿಸಲು ಕಟ್ಟಿದ ಸೇತುವೆ ಮುಗಿದದ್ದು 1868ರಲ್ಲಿ. ಕಲ್ಲು ಮತ್ತು ಇಟ್ಟಿಗೆಯ 14 ಕಮಾನುಗಳು, ಒಂದೊಂದರ ಅಗಲ 60 ಅಡಿ, ಆಗಿನ ಖರ್ಚು ಸುಮಾರು ಮೂರೂವರೆ ಲಕ್ಷ ರೂಪಾಯಿ.

ಆ ಸೇತುವೆ ಕಟ್ಟಿದವರ ಎದುರಾಳಿ ಕಣ್ಣೆದುರೇ ಹರಿಯುತ್ತಿತ್ತು. ಮಳೆಗಾಲದಲ್ಲಿ ಹೊಳೆ ಎಷ್ಟು ಏರುತ್ತದೆ, ಕಮಾನು ಎಷ್ಟು ಅಗಲ ಬಿಡಬೇಕು ಎಂಬುದನ್ನು ದಡದಲ್ಲಿ ನಿಂತು ನೋಡಬಹುದಿತ್ತು. ಎರೆಸೀಮೆಯ ರಸ್ತೆ ಕಟ್ಟುವವರ ಎದುರಾಳಿ ಹಾಗಲ್ಲ. ಅವರ ಹೊಳೆ ನೆಲದೊಳಗಿದೆ. ಗದ್ದೆಯಿಂದ ಜಿನುಗಿ ಬರುವ ನೀರು, ಬಿರುಕಿನಲ್ಲಿ ಇಳಿಯುವ ಮಳೆ, ಚರಂಡಿಯಿಲ್ಲದೆ ದಂಡೆಯಲ್ಲೇ ನಿಂತ ನೀರು ಸದ್ದಿಲ್ಲದೆ ರಸ್ತೆಯ ಬುಡಕ್ಕೆ ಸೇರುತ್ತವೆ. ಕಾಣದ ಈ ಹೊಳೆಯನ್ನು ಅಳೆಯುವ ವಿದ್ಯೆ ಬರಲು ಮತ್ತೆ ಆರು ದಶಕ ಬೇಕಾಯಿತು.

ನಾಲ್ಕು ದಿನ ನೆನೆದ ಮಣ್ಣು

ಆ ವಿದ್ಯೆ ಬಂದದ್ದು ಅಮೆರಿಕದ ಒಂದು ರಾಜ್ಯದ ಹೆದ್ದಾರಿ ಇಲಾಖೆಯಿಂದ. 1929ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಒ.ಜೆ. ಪೋರ್ಟರ್ ಒಂದು ಸರಳ ಪರೀಕ್ಷೆ ರೂಪಿಸಿದರು. ರಸ್ತೆಯ ಅಡಿಪಾಯದ ಮಣ್ಣನ್ನು ಕಬ್ಬಿಣದ ಅಚ್ಚಿನಲ್ಲಿ ಕುಟ್ಟಿ ಗಟ್ಟಿಮಾಡಿ, ನಾಲ್ಕು ದಿನ ನೀರಲ್ಲಿ ನೆನೆಸುವುದು. ಬಳಿಕ ಉಕ್ಕಿನ ಕೊಂತವೊಂದನ್ನು ಅದರೊಳಗೆ 2.5 ಮಿ.ಮೀ. ಒತ್ತಲು ಎಷ್ಟು ಬಲ ಬೇಕೆಂದು ಅಳೆಯುವುದು. ಅಷ್ಟೇ ಆಳಕ್ಕೆ ಒಳ್ಳೆಯ ಜಲ್ಲಿಯೊಳಗೆ ಒತ್ತಲು ಬೇಕಾಗುವ ಬಲವನ್ನು ನೂರು ಎಂದಿಟ್ಟುಕೊಂಡರೆ ಈ ಮಣ್ಣಿನ ಬಲ ಎಷ್ಟು? ಬರುವ ಉತ್ತರವೇ ಸಿಬಿಆರ್, ಅಂದರೆ ಕ್ಯಾಲಿಫೋರ್ನಿಯಾ ಬೇರಿಂಗ್ ರೇಷಿಯೊ. ಲೋಕೋಪಯೋಗಿ ಇಲಾಖೆಯ ಯಾವ ಅಂದಾಜು ಪಟ್ಟಿಯ ಹಿಂದೆ ನೋಡಿದರೂ ಈ ಮೂರಕ್ಷರ ಇಂದು ಸಿಗುತ್ತದೆ. ನೀರಲ್ಲಿ ನೆನೆದ ಎರೆಮಣ್ಣಿನ ಸಿಬಿಆರ್ ಸಾಮಾನ್ಯವಾಗಿ ಎರಡು, ಮೂರರ ಆಸುಪಾಸು. ಒಣಗಿದಾಗ ಗುದ್ದಲಿಗೂ ಜಗ್ಗದ ಹೆಂಟೆ, ನೆನೆದಾಗ ಬಲವೆಲ್ಲ ಕಳಕೊಂಡು ಕೂರುತ್ತದೆ.

1934ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ. ಡಾಂಬರು ರಸ್ತೆಯ ದಪ್ಪ ಎಷ್ಟಿರಬೇಕು ಎಂದು ಹೇಳುವ ಅದರ ‘ಐಆರ್‌ಸಿ 37’ ಎಂಬ ಪುಸ್ತಿಕೆ ಮೊದಲು ಹೊರಬಂದದ್ದು 1970ರಲ್ಲಿ. ಆಗ ಲೆಕ್ಕ ಸುಲಭವಿತ್ತು: ಮಣ್ಣಿನ ಸಿಬಿಆರ್ ಇಷ್ಟು, ದಿನಕ್ಕೆ ಓಡುವ ಲಾರಿ ಇಷ್ಟು, ಆದ್ದರಿಂದ ರಸ್ತೆ ಇಷ್ಟು ದಪ್ಪ. 1984ರ ತಿದ್ದುಪಡಿ ಲಾರಿಗಳ ಎಣಿಕೆಯಿಂದ ಮುಂದೆ ಹೋಗಿ, ರಸ್ತೆಯ ಆಯುಸ್ಸಿನಲ್ಲಿ ಅದರ ಮೇಲೆ ಉರುಳುವ ಒಟ್ಟು ಭಾರವನ್ನು ಲೆಕ್ಕಕ್ಕೆ ತಂದಿತು. 2001, 2012 ಮತ್ತು 2018ರ ಆವೃತ್ತಿಗಳು ಒಂದೊಂದು ಪದರವೂ ಗಾಲಿಯ ಕೆಳಗೆ ಎಷ್ಟು ಬಾಗುತ್ತದೆ, ಎಲ್ಲಿ ಬಿರುಕು ಹುಟ್ಟುತ್ತದೆ ಎಂಬುದನ್ನು ಗಣಿತದಿಂದ ಹುಡುಕುವ ಹಾದಿ ಹಿಡಿದವು. ವಾಹನ ದಟ್ಟಣೆಯ ರಸ್ತೆಯ ಅಡಿಪಾಯದ ಪರಿಣಾಮಕಾರಿ ಸಿಬಿಆರ್ ಶೇ 5ಕ್ಕಿಂತ ಕಡಿಮೆ ಇರಕೂಡದು ಎನ್ನುತ್ತದೆ 2018ರ ಪುಸ್ತಿಕೆ. ಹಳ್ಳಿಯ ಕಡಿಮೆ ಸಂಚಾರದ ರಸ್ತೆಗಳಿಗೆ ಬೇರೆಯದೇ ಕೈಪಿಡಿ ಬಂತು, 2015ರಲ್ಲಿ ಅದೂ ಪರಿಷ್ಕೃತವಾಯಿತು.

ಎರೆಮಣ್ಣಿಗೆ ಮದ್ದೇನು ಎಂಬುದೂ ಈ ನಿಯಮಗಳಲ್ಲಿದೆ. ಹತ್ತು ಗ್ರಾಂ ಒಣ ಮಣ್ಣನ್ನು ನೀರು ತುಂಬಿದ ಗಾಜಿನ ಅಳತೆ ಜಾಡಿಗೆ, ಇನ್ನು ಹತ್ತು ಗ್ರಾಂ ಮಣ್ಣನ್ನು ಸೀಮೆಎಣ್ಣೆಯ ಜಾಡಿಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಲ್ಲಿ ಉಬ್ಬುತ್ತದೆ. ನೀರಿನ ಜಾಡಿಯ ಮಣ್ಣು ಶೇ 50ಕ್ಕಿಂತ ಹೆಚ್ಚು ಉಬ್ಬಿದರೆ ಅದನ್ನು ರಸ್ತೆಯ ಏರಿಗೆ ತುಂಬಬಾರದು. ಅಂಥ ಕಡೆ ಎರೆಯನ್ನು ತೆಗೆದು ಉಬ್ಬದ ಮಣ್ಣು ತುಂಬಿ ದಬಾಯಿಸಬೇಕು, ಇಲ್ಲವೇ ಸುಣ್ಣ ಬೆರೆಸಿ ಅದರ ಉಬ್ಬರ ಇಳಿಸಬೇಕು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮಕ್ಕಳೂ ಮಾಡಿನೋಡಬಹುದಾದ ಪರೀಕ್ಷೆಯಿದು. ಒಂದು ಊರಿನ ರಸ್ತೆಯ ಹಣೆಬರಹ ಆ ಎರಡು ಜಾಡಿಗಳಲ್ಲಿ ಮುಂಚೆಯೇ ಬರೆದಿರುತ್ತದೆ.

ನಾಲೆ ತುಂಬಿದಾಗ

ಲೋಕಿಕೆರೆ ಎಂಬ ಹೆಸರಿನಲ್ಲೇ ಕೆರೆಯಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಬಲದಂಡೆ ನಾಲೆಯ ನೀರು ದಾವಣಗೆರೆ ಸೀಮೆಗೆ ಹರಿದ ಮೇಲೆ ಇಲ್ಲಿ ಹಸಿ ನೆಲದ ಲೆಕ್ಕವೇ ಬದಲಾಯಿತು. ಮಳೆಗಾಲದ ಬೆಳೆ, ಬೇಸಿಗೆ ಬೆಳೆ ಎಂದು ಎರಡು ಸಲ ಗದ್ದೆ ತುಂಬುತ್ತದೆ. ಅಂದರೆ ರಸ್ತೆಯ ಬುಡ ಮಳೆಗಾಲದಲ್ಲಷ್ಟೇ ಅಲ್ಲ, ವರ್ಷದ ಹೆಚ್ಚು ದಿನ ನೆನೆದೇ ಇರುತ್ತದೆ. ನಾಲ್ಕು ದಿನ ನೆನೆಸಿ ಮಾಡುವ ಪರೀಕ್ಷೆ ನಮ್ಮ ನೀರಾವರಿ ಹಳ್ಳಿಗಳಲ್ಲಿ ದಿನನಿತ್ಯದ ಸ್ಥಿತಿ.

ರಸ್ತೆಯ ತಳದ ಜಲ್ಲಿಪದರ ನೀರು ಬಸಿಯುವ ಪದರವೂ ಹೌದು. ಅದನ್ನು ಡಾಂಬರಿನ ಅಗಲಕ್ಕೆ ನಿಲ್ಲಿಸದೆ ದಂಡೆಯ ಹೊರ ಅಂಚಿನವರೆಗೂ ಎಳೆಯಬೇಕು, ಒಳಸೇರಿದ ನೀರು ಪಕ್ಕದ ಚರಂಡಿಗೆ ಬಸಿದುಹೋಗಬೇಕು ಎಂಬುದು ನಿಯಮ. ಹಾಗೆ ಮಾಡದೆ ಎರೆಮಣ್ಣಲ್ಲಿ ಪೆಟ್ಟಿಗೆಯಂತೆ ಗುಂಡಿ ತೋಡಿ ಜಲ್ಲಿ ತುಂಬಿದರೆ ಏನಾಗುತ್ತದೆ? ಸುತ್ತ ನೀರು ಬಿಡದ ಮಣ್ಣು, ನಡುವೆ ನೀರು ತುಂಬಿದ ಜಲ್ಲಿ. ನಾವೇ ಒಂದು ಉದ್ದನೆಯ ಕೆರೆ ಕಟ್ಟಿ ಅದರ ಮೇಲೆ ಡಾಂಬರಿನ ಮುಚ್ಚಳ ಹಾಕಿದಂತಾಯಿತು. ಲಾರಿ ಹಾದಾಗಲೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕು ಬಿರುಕಿನಿಂದ ಮೇಲೆ ಚಿಮ್ಮುತ್ತದೆ, ಬರುವಾಗ ಬುಡದ ನುಣ್ಣನೆಯ ಮಣ್ಣನ್ನೂ ಹೊತ್ತು ತರುತ್ತದೆ. ಗುಂಡಿ ಹುಟ್ಟುವುದು ಹೀಗೆ, ಕೆಳಗಿನಿಂದ ಮೇಲಕ್ಕೆ.

ಇದರಲ್ಲಿ ನಮ್ಮ ಪಾಲೂ ಇದೆ. ಗದ್ದೆಯ ಬದುವನ್ನು ವರ್ಷವರ್ಷವೂ ರಸ್ತೆಯ ಕಡೆ ಸರಿಸುತ್ತ ಚರಂಡಿ ನುಂಗಿದವರು ನಾವೇ. ಮೋರಿಯ ಬಾಯಿಗೆ ಮಣ್ಣು ತುಂಬಿ ಹೊಲಕ್ಕೆ ದಾರಿ ಮಾಡಿಕೊಂಡವರೂ ನಾವೇ. ಕೆಸರುಗದ್ದೆ ಹದಮಾಡುವ ಟ್ರ್ಯಾಕ್ಟರಿನ ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ರಸ್ತೆಗೇರಿಸಿದರೆ ಒಂದೇ ಓಡಾಟಕ್ಕೆ ಡಾಂಬರು ಬಾಚಿಬರುತ್ತದೆ.

ಗಾಲಿಯ ಲೆಕ್ಕ

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಹಗಲಿರುಳು ಲಾರಿ ಓಡಿಸಿ ಸವೆತ ಅಳೆದರು. ಅದರಿಂದ ಬಂದ ತಿಳಿವಳಿಕೆ ಇಂದಿಗೂ ಜಗತ್ತಿನ ರಸ್ತೆ ವಿನ್ಯಾಸದ ಬೆನ್ನೆಲುಬು: ಆಕ್ಸಲ್ ಮೇಲಿನ ಭಾರ ದುಪ್ಪಟ್ಟಾದರೆ ರಸ್ತೆಯ ಸವೆತ ದುಪ್ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಅರ್ಧ ಟನ್ ಹೊರುವ ಕಾರಿನ ಆಕ್ಸಲ್‌ಗೂ ಎಂಟು ಟನ್ ಹೊರುವ ಲಾರಿಯ ಆಕ್ಸಲ್‌ಗೂ ಭಾರದ ಅಂತರ ಹದಿನಾರು ಪಟ್ಟು. ಸವೆತದ ಅಂತರ 65 ಸಾವಿರ ಪಟ್ಟಿಗೂ ಹೆಚ್ಚು. ರಸ್ತೆ ಸವೆಸುವವರು ಬೈಕಿನವರಲ್ಲ, ಕಾರಿನವರೂ ಅಲ್ಲ.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ಭಾರವನ್ನು ಹೆಚ್ಚಿಸಿತು. ನಾಲ್ಕು ಗಾಲಿಯ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಭಾರ ಹೆಚ್ಚಿದ್ದು ನೂರಕ್ಕೆ ಹದಿಮೂರರಷ್ಟು. ಮೇಲಿನ ಲೆಕ್ಕ ಹಾಕಿದರೆ ಸವೆತ ಹೆಚ್ಚುವುದು ನೂರಕ್ಕೆ ಅರವತ್ತಕ್ಕೂ ಹೆಚ್ಚು. ಸಾಗಣೆ ಖರ್ಚು ಇಳಿಯುವುದು ಭತ್ತ, ಮೆಕ್ಕೆಜೋಳ ಮಾರುವ ರೈತನಿಗೂ ಒಳ್ಳೆಯದೇ. ಆದರೆ ಈ ಬದಲಾವಣೆಗೂ ಮುಂಚಿನ ಲೆಕ್ಕದಲ್ಲಿ ಕಟ್ಟಿದ ರಸ್ತೆಗಳು ಹಾಗೆಯೇ ಉಳಿದವು. ಅಕ್ಕಿ ಗಿರಣಿಗೆ ಹೋಗುವ ಲಾರಿ, ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಎರಡೆರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರ್, ಜಲ್ಲಿ ಹೇರಿದ ಟಿಪ್ಪರ್, ಎಲ್ಲವೂ ಓಡುವುದು 3.75 ಮೀಟರಿನ ಒಂಟಿ ಪಥದಲ್ಲಿ ಅಥವಾ 5.5 ಮೀಟರಿನ ಮಧ್ಯಮ ಅಗಲದ ಪಥದಲ್ಲಿ. ಎದುರು ವಾಹನ ಬಂದಾಗ ಒಂದು ಗಾಲಿ ದಂಡೆಗಿಳಿಯಲೇಬೇಕು. ಡಾಂಬರಿನ ಅಂಚು ಮೊದಲು ಒಡೆಯುವುದು ಇದರಿಂದಲೇ.

ಜೀವದ ಲೆಕ್ಕ

ರಸ್ತೆ ಗಟ್ಟಿಯಾದರೆ ಸಾಲದು, ಅದರ ಮೇಲೆ ಹೋದವರು ಮನೆಗೆ ಮರಳಬೇಕು. ಈ ಮಾತು ಕಾಯ್ದೆಯ ಭಾಷೆಗೆ ಬಂದದ್ದು ಇತ್ತೀಚೆಗೆ. ರಾಜ್ಯದಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರಕ್ಕಾಗಿ 2017ರಲ್ಲಿ ಕಾಯ್ದೆ ಆಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಂ, ಸುರಕ್ಷತಾ ಮಾನದಂಡ ಪಾಲಿಸದೆ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮಾಡಿದ್ದರಿಂದ ಸಾವು, ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಒಂದು ಜೀವಕ್ಕೆ ಅದು ತೀರಾ ಕಡಿಮೆ. ಆದರೂ ಅಪಘಾತಕ್ಕೆ ಚಾಲಕನಷ್ಟೇ ಅಲ್ಲ, ರಸ್ತೆಯೂ ಕಾರಣವಾಗಬಹುದು ಎಂದು ಕಾನೂನು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ.

ಮಕ್ಕಳು ಶಾಲೆಗೆ ದಾಟುವ ಕಡೆ ಹಂಪ್ ಬೇಕೆಂದು ಊರಿನವರು ಕೇಳುವುದು ನ್ಯಾಯವೇ. ಆದರೆ ರಾತ್ರೋರಾತ್ರಿ ಮಣ್ಣು, ಕಾಂಕ್ರೀಟು ಸುರಿದು ಎಬ್ಬಿಸಿದ ದಿಣ್ಣೆ ಹಂಪ್ ಅಲ್ಲ. ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಮೇಲೆ ಬಣ್ಣದ ಪಟ್ಟಿ ಬಳಿದು ಮುಂಚೆಯೇ ಎಚ್ಚರಿಕೆ ಫಲಕ ನೆಡಬೇಕು ಎನ್ನುತ್ತದೆ ನಿಯಮ. ಸುಗ್ಗಿಯಲ್ಲಿ ಮೆಕ್ಕೆಜೋಳ, ಭತ್ತವನ್ನು ರಸ್ತೆಯ ಅರ್ಧಕ್ಕೆ ಹರವಿ, ರಾಶಿ ಕಾಯಲು ಸಾಲಾಗಿ ಕಲ್ಲು ಇಡುವುದು ನಮ್ಮ ಜಿಲ್ಲೆಯಲ್ಲಿ ರೂಢಿ. ಕಣಗಳು ಕಣ್ಮರೆಯಾದ ಮೇಲೆ ರೈತನಿಗೆ ಬೇರೆ ಜಾಗವೂ ಇಲ್ಲ. ಕತ್ತಲಲ್ಲಿ ಆ ಕಲ್ಲಿಗೆ ಬೈಕ್ ಬಡಿದು ಬೀಳುವವನೂ ರೈತನ ಮಗನೇ. ಊರಿಗೊಂದು ಒಣಗಿಸುವ ಕಾಂಕ್ರೀಟು ಕಣ ಕಟ್ಟಿಸುವುದನ್ನು ರಸ್ತೆ ಸುರಕ್ಷತೆಯ ಕೆಲಸವೆಂದೇ ಎಣಿಸಬೇಕು.

ಅಗೆದ ದಿನವೇ ನೋಡಬೇಕು

ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ 1999ರಲ್ಲಿ ಬಂತು. ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ (ಕೆಶಿಪ್) 2001ರಲ್ಲಿ ಶುರುವಾಯಿತು. ರಸ್ತೆಯನ್ನು ಆಸ್ತಿಯೆಂದು ಎಣಿಸಿ ವಾಹನ ಗಣತಿ, ಸ್ಥಿತಿಗತಿಯ ದಾಖಲೆ ಇಡುವ ಕೇಂದ್ರವೂ ಲೋಕೋಪಯೋಗಿ ಇಲಾಖೆಯಲ್ಲಿದೆ. ಈ ಹೊಸ ಕ್ರಮದ ಫಲ ರಾಜ್ಯ ಹೆದ್ದಾರಿಗಳಲ್ಲಿ ಕಾಣುತ್ತದೆ. ಅದು ಜಿಲ್ಲಾ ಮುಖ್ಯರಸ್ತೆಗೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆಯ ಗ್ರಾಮೀಣ ರಸ್ತೆಗೆ ಪೂರ್ತಿ ಇಳಿದು ಬರಬೇಕು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇದಕ್ಕೊಂದು ದಾರಿ ತೋರಿಸಿತು. ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ನಿರ್ವಹಿಸಬೇಕು, ಯಾವ ಪದರಕ್ಕೆ ಏನೆಷ್ಟು ಹಾಕಿದೆ ಎಂದು ಜನರ ಭಾಷೆಯಲ್ಲೇ ಫಲಕ ನೆಡಬೇಕು. ಎಲ್ಲ ರಸ್ತೆಗೂ ಅಂಥ ಫಲಕ ಬರಲಿ, ಅದರಲ್ಲಿ ಇನ್ನೆರಡು ಸಾಲು ಸೇರಲಿ: ಕೆಳಗಿನ ಮಣ್ಣಿನ ಸಿಬಿಆರ್ ಎಷ್ಟು, ಎಷ್ಟು ಭಾರಕ್ಕೆ ಈ ರಸ್ತೆ ಕಟ್ಟಿದ್ದು.

ಡಾಂಬರು ಹಾಕಿದ ಮೇಲೆ ರಸ್ತೆಯಲ್ಲಿ ನೋಡಲು ಹೆಚ್ಚೇನೂ ಉಳಿದಿರುವುದಿಲ್ಲ. ಗುತ್ತಿಗೆದಾರರ ಜೆಸಿಬಿ ಬಂದು ನೆಲ ಅಗೆದ ದಿನ, ಜಲ್ಲಿ ಬೀಳುವ ಮುಂಚೆ ಅಲ್ಲಿಗೆ ಹೋಗಬೇಕು. ಎರೆ ತೆಗೆದರೋ ಇಲ್ಲವೋ, ತುಂಬಿದ ಮಣ್ಣು ಎಂಥದು, ನೀರು ಎಲ್ಲಿಗೆ ಹರಿದುಹೋಗುತ್ತದೆ ಎಂದು ಎಂಜಿನಿಯರರನ್ನು ವಿನಯದಿಂದ, ಬಿಡದೆ ಕೇಳಬೇಕು. ಹಾಗೆ ಕೇಳಲು ಪದವಿ ಬೇಕಿಲ್ಲ. ಹೆಂಟೆಯೊಂದನ್ನು ಅಂಗೈಯಲ್ಲಿ ಹಿಸುಕಿ ‘ಇನ್ನೂ ಹದ ಬಂದಿಲ್ಲ, ಇನ್ನೆರಡು ದಿನ ಬಿಟ್ಟು ಬಿತ್ತೋಣ’ ಎನ್ನುವ ರೈತನಿಗೆ ಈ ಮಣ್ಣಿನ ಉಬ್ಬರ, ಇಳಿತ ತಲೆಮಾರುಗಳಿಂದ ಗೊತ್ತು. ಹೊಲದ ಹದ ಬಲ್ಲ ಆ ಕೈ ರಸ್ತೆಯ ಬುಡವನ್ನೂ ಒಮ್ಮೆ ಮುಟ್ಟಿ ನೋಡಲಿ.