ಅಂಜೂರದ ಮರದ ಕೆಳಗೆ ಏನಾಯಿತು?

ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ನತಾನಯೇಲನೆಂಬವನೊಬ್ಬ ಯೇಸುವಿನ ಎದುರು ಬಂದು ನಿಲ್ಲುತ್ತಾನೆ. ಅವನು ಅಂಜೂರದ ಮರದ ಕೆಳಗಿದ್ದಾಗಲೇ ತಾನು ನೋಡಿದ್ದೆನೆಂದು ಯೇಸು ಹೇಳುತ್ತಾನೆ. ಅಷ್ಟು ಕೇಳಿದ್ದೇ ತಡ, ನತಾನಯೇಲ ಅವನನ್ನು ದೇವರ ಮಗನೆಂದು ಒಪ್ಪಿಕೊಂಡುಬಿಡುತ್ತಾನೆ. ಮರದ ಕೆಳಗೆ ಅವನು ಏನು ಮಾಡುತ್ತಿದ್ದ? ಆ ಒಂದು ಮಾತಿಗೆ ಅವನ ಎದೆ ಕರಗಿದ್ದೇಕೆ? ಯೋಹಾನ ಬರೆದಿಲ್ಲ.

ಯೇಸುವಿನ ಬದುಕನ್ನು ಹೇಳುವ ‘ದಿ ಚೋಸನ್’ ಧಾರಾವಾಹಿ ಈ ಬರೆಯದ ಜಾಗದಲ್ಲೇ ಕಥೆ ಕಟ್ಟುತ್ತದೆ. ಎರಡನೆಯ ಸರಣಿಯಲ್ಲಿ ನತಾನಯೇಲ ಕಟ್ಟಡಗಳ ನಕ್ಷೆ ಬರೆಯುವವನು. ದೇವರ ಹೆಸರಿಗೆ ಸಭಾಮಂದಿರಗಳನ್ನು ಕಟ್ಟಬೇಕೆಂಬುದು ಅವನ ಕನಸು. ಅವನು ನಿಂತು ಕಟ್ಟಿಸುತ್ತಿದ್ದ ಕಟ್ಟಡ ಕುಸಿದುಬೀಳುತ್ತದೆ, ಕೆಲಸ ಹೋಗುತ್ತದೆ. ಒಂಟಿ ಮರದ ಕೆಳಗೆ ಕೂತು ತನ್ನ ನಕ್ಷೆಗಳನ್ನೇ ಸುಟ್ಟು, ನನ್ನನ್ನು ನೋಡುತ್ತಿದ್ದೀಯಾ ಎಂದು ಆಕಾಶಕ್ಕೆ ಕೂಗುತ್ತಾನೆ. ಉತ್ತರ ಬರುವುದಿಲ್ಲ. ಮುಂದೆ ಯೇಸು ಆ ಮರದ ಮಾತೆತ್ತಿದಾಗ, ನೋಡುತ್ತಿರುವ ನಮಗೂ ಗಂಟಲು ಕಟ್ಟುತ್ತದೆ. ಸುವಾರ್ತೆಯ ಮಾತನ್ನು ಬದಲಿಸಿಲ್ಲ. ಅದಕ್ಕೆ ಮುಂಚಿನ ಒಂದು ದಿನವನ್ನು ಕಟ್ಟಿಕೊಟ್ಟಿದ್ದಾರೆ, ಅಷ್ಟೇ.

ಅಮೆರಿಕದ ಡಲ್ಲಾಸ್ ಜೆಂಕಿನ್ಸ್ ಈ ಧಾರಾವಾಹಿಯ ನಿರ್ದೇಶಕರು. 2017ರಲ್ಲಿ ಅವರು ತಮ್ಮ ಚರ್ಚಿನ ಕ್ರಿಸ್ಮಸ್ ಆರಾಧನೆಗೆಂದು ಒಂದು ಕಿರುಚಿತ್ರ ತೆಗೆದರು. ಅದರಲ್ಲಿ ಯೇಸುವಿನ ಹುಟ್ಟನ್ನು ನಾವು ನೋಡುವುದು ಎಲ್ಲರಿಂದ ದೂಡಿಸಿಕೊಂಡ ಒಬ್ಬ ಕುಂಟ ಕುರುಬನ ಹಿಂದೆ ನಡೆದು. ಅದನ್ನು ಮೆಚ್ಚಿದ ಸಾವಿರಾರು ಜನ ಧಾರಾವಾಹಿಗೆಂದು 1 ಕೋಟಿ ಡಾಲರಿಗೂ ಹೆಚ್ಚು ಹಣ ಕೂಡಿಸಿಕೊಟ್ಟರು. 2019ರಲ್ಲಿ 8 ಕಂತುಗಳ ಮೊದಲ ಸರಣಿ ಬಂತು. ಒಟ್ಟು 7 ಸರಣಿಗಳ ಯೋಜನೆ. ಎರಡು ಗಂಟೆಯ ಸಿನಿಮಾಕ್ಕೆ ಸಿಗದ ಬಿಡುವು ಇದರಿಂದ ಸಿಕ್ಕಿತು.

ಕೊನೆ ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಕುತೂಹಲ ಎಲ್ಲಿಂದ ಬರಬೇಕು? ಜವಳಗಿರಿ, ತಳಿ, ಡೆಂಕಣಿಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೃಷ್ಣಗಿರಿ ಸೀಮೆಯ ದ್ರೌಪದಮ್ಮನ ಜಾತ್ರೆಗಳಲ್ಲಿ ಹಗಲು ಭಾರತ ಓದುತ್ತಾರೆ, ರಾತ್ರಿ ಬೆಳಗಾಗುವ ತನಕ ಬಯಲಾಟವಾದ ಕೂತ್ತು ಆಡುತ್ತಾರೆ. ಅರ್ಜುನನ ವೇಷದವನು ತಪಸ್ಸಿಗೆಂದು ಎತ್ತರದ ಕಂಬ ಹತ್ತುತ್ತಾನೆ. ಕೊನೆಯ ದಿನ ಮಣ್ಣಿನಲ್ಲಿ ಮಾಡಿ ಮಲಗಿಸಿದ ದುರ್ಯೋಧನ ಸಾಯುತ್ತಾನೆ. ಅವನು ಸಾಯುತ್ತಾನೆಂದು ಗೊತ್ತಿಲ್ಲದೆ ಯಾರೂ ಬಂದಿರುವುದಿಲ್ಲ. ಆದರೂ ದ್ರೌಪದಿ ಮುಡಿ ಬಿಚ್ಚಿ ನಿಂತಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸುತ್ತಾರೆ. ಏನಾಗುತ್ತದೆ ಎಂಬುದು ಗೊತ್ತಿದ್ದರೂ ಅದು ಆ ಜೀವಕ್ಕೆ ಹೇಗೆ ತಾಗುತ್ತದೆ ಎಂಬುದನ್ನು ನೋಡಬೇಕು. ಧಾರಾವಾಹಿಯ ಬರಹಗಾರರು ಹಿಡಿದಿರುವುದೂ ಈ ಎಳೆಯನ್ನೇ: ಪವಾಡದ ಪಕ್ಕದಲ್ಲಿ ನಿಂತವನ ಮುಖ.

ಸುವಾರ್ತೆಯ ಮಾತುಗಳು ನೆಟ್ಟ ಕಂಬಗಳು. ಅವನ್ನು ಕೀಳುವಂತಿಲ್ಲ. ಕಂಬದಿಂದ ಕಂಬಕ್ಕೆ ಗಳ ಕಟ್ಟಿ ಸೋಗೆ ಹೊದಿಸುವುದಷ್ಟೇ ಬರಹಗಾರನ ಕೆಲಸ. ಲೂಕನ ಸುವಾರ್ತೆಯಲ್ಲಿ ಮೀನುಗಾರ ಸೀಮೋನ ರಾತ್ರಿಯೆಲ್ಲ ಬಲೆ ಬೀಸಿ ಬರಿಗೈಯಲ್ಲಿ ಉಳಿಯುತ್ತಾನೆ. ಧಾರಾವಾಹಿಯಲ್ಲಿ ಆ ರಾತ್ರಿಗೆ ಹಿಂದೆ ಕಟ್ಟದ ಸುಂಕದ ಸಾಲವಿದೆ, ದೋಣಿ ಹೋಗುವ ಭಯವಿದೆ. ಹಾಗಾಗಿ ಬೆಳಗ್ಗೆ ಬಲೆ ಹರಿಯುವಷ್ಟು ಮೀನು ಬಂದಾಗ ಅದು ಬರೀ ಪವಾಡವಲ್ಲ, ಒಂದು ಮನೆಯ ಉಳಿವು. ಆ ಸಾಲದ ಲೆಕ್ಕ ಬರೆಯುತ್ತಿದ್ದವನು ಯಾರು? ಸುಂಕದ ಮತ್ತಾಯ! ಮುಂದೆ ಇಬ್ಬರೂ ಒಂದೇ ಗುರುವಿನ ಹಿಂದೆ ನಡೆಯಬೇಕು. ಮತ್ತಾಯನನ್ನು ಜನರ ಮುಖ ನೋಡಲು ಹಿಂಜರಿಯುವ, ಅಂಕಿಗಳಲ್ಲಿ ನೆಮ್ಮದಿ ಕಾಣುವ ಆಟಿಸಂ ಇರುವ ಹುಡುಗನನ್ನಾಗಿ ತೋರಿಸಿದ್ದಾರೆ. ಅವನು ಸುಂಕದ ಕಟ್ಟೆಯಿಂದ ಎದ್ದುಹೋಗುವುದಕ್ಕೆ ಸುವಾರ್ತೆಯಲ್ಲಿ ಒಂದು ವಚನ ಸಾಕು. ಇಲ್ಲಿ ಮೊದಲ ಸರಣಿಯ ಏಳನೆಯ ಕಂತಿನವರೆಗೆ ಕಾಯಬೇಕು.

ಇನ್ನೊಂದು ಉಪಾಯ, ಬೇರೆ ಬೇರೆ ಪುಟಗಳಲ್ಲಿರುವವರನ್ನು ಒಂದೇ ಮನೆಯವರನ್ನಾಗಿ ಮಾಡುವುದು. ಕೊಳದ ಬಳಿ 38 ವರ್ಷ ಕಾಯಿಲೆಯಲ್ಲಿ ಬಿದ್ದಿದ್ದವನಿಗೆ ಯೋಹಾನನಲ್ಲಿ ಹೆಸರಿಲ್ಲ. ಧಾರಾವಾಹಿ ಅವನಿಗೆ ಜೆಸ್ಸಿ ಎಂದು ಹೆಸರಿಟ್ಟು, ಶಿಷ್ಯರಲ್ಲೊಬ್ಬನಾದ ಮತಾಭಿಮಾನಿ ಸೀಮೋನನ ಅಣ್ಣನನ್ನಾಗಿ ಮಾಡುತ್ತದೆ. ಅಣ್ಣ ಮರದಿಂದ ಬಿದ್ದದ್ದು, ತಾಯಿ ತೀರಿಕೊಂಡದ್ದು, ತಮ್ಮ ಕತ್ತಿ ಹಿಡಿಯಲು ಮನೆ ಬಿಟ್ಟದ್ದು, ಇಷ್ಟೂ ಕಂತಿನ ಆರಂಭದಲ್ಲಿ ಹೆಚ್ಚು ಮಾತಿಲ್ಲದೆ ಸರಿದುಹೋಗುತ್ತವೆ. ಕೊಲೆ ಮಾಡಲು ಹೊರಟ ತಮ್ಮ, ಅಣ್ಣ ಎದ್ದು ನಿಂತದ್ದನ್ನು ಕಂಡು ಅಲ್ಲೇ ನಿಂತುಬಿಡುತ್ತಾನೆ. ಒಂದು ಪವಾಡ, ಎರಡು ಬದುಕು.

ಯೇಸುವನ್ನು ಮರೆಯಲ್ಲಿಡುವುದೂ ಒಂದು ಕಲೆ. ಮೊದಲ ಕಂತಿನಲ್ಲಿ ಅವನು ಕಾಣಿಸಿಕೊಳ್ಳುವುದು ಕೊನೆಯಲ್ಲಿ. ಎರಡನೆಯ ಸರಣಿಯ ಮೂರನೆಯ ಕಂತು ಎಲ್ಲೂ ಕತ್ತರಿಸದ, ಹತ್ತು ನಿಮಿಷ ಮೀರಿದ ಒಂದೇ ಶಾಟ್‌ನಿಂದ ಶುರುವಾಗುತ್ತದೆ. ಕ್ಯಾಮೆರಾ ರೋಗಿಗಳ ಸಾಲು, ಶಿಷ್ಯರ ಬಿಡಾರ ಸುತ್ತುತ್ತಲೇ ಇರುತ್ತದೆ. ಕತ್ತಲಾದ ಮೇಲೆ ಶಿಷ್ಯರು ಬೆಂಕಿಯ ಸುತ್ತ ಕೂತು ಮಾತಿಗೆ ಮಾತು ಬೆಳೆಸಿ ಜಗಳವಾಡುತ್ತಿರುವಾಗ ಯೇಸು ದಣಿದು, ಕಾಲೆಳೆದುಕೊಂಡು ಬರುತ್ತಾನೆ. ಜಗಳ ಅಲ್ಲಿಗೇ ನಿಲ್ಲುತ್ತದೆ. ಒಂದೂ ಪವಾಡ ತೋರಿಸದೆ ಆ ದಿನದ ಭಾರವನ್ನು ಅಷ್ಟರಲ್ಲೇ ಹೇಳಿದ್ದಾರೆ. ಇಡೀ ಧಾರಾವಾಹಿಯಲ್ಲಿ ನನಗೆ ಅತಿ ಪ್ರಿಯವಾದ ದೃಶ್ಯ ಇದು.

ಗುಣವಾಗದ ನೋವಿಗೂ ಇಲ್ಲಿ ಜಾಗವಿದೆ. ಶಿಷ್ಯ ಚಿಕ್ಕ ಯಾಕೋಬನ ಪಾತ್ರದ ಜೋರ್ಡನ್ ವಾಕರ್ ರಾಸ್ ಅವರಿಗೆ ಬೆನ್ನುಮೂಳೆಯ ತೊಂದರೆಯಿದೆ, ನಡಿಗೆ ಕುಂಟು. ಅದನ್ನು ಮುಚ್ಚಿಡದೆ ಪಾತ್ರಕ್ಕೇ ಕೊಟ್ಟರು. ಬೇರೆಯವರನ್ನು ಗುಣಪಡಿಸಲು ಕಳಿಸುತ್ತೀಯ, ನನ್ನನ್ನೇಕೆ ಗುಣಪಡಿಸಲಿಲ್ಲ ಎಂದು ಯಾಕೋಬ ಮೂರನೆಯ ಸರಣಿಯಲ್ಲಿ ಯೇಸುವನ್ನು ಕೇಳಿಯೇಬಿಡುತ್ತಾನೆ. ಫರಿಸಾಯರ ಗುರು ನಿಕೊದೇಮನದು ಇನ್ನೊಂದು ಬಗೆಯ ನೋವು. ಡಾರ್ಜಿಲಿಂಗಿನಲ್ಲಿ ಹುಟ್ಟಿದ ಎರಿಕ್ ಅವಾರಿ ಮಾಡಿರುವ ಈ ಪಾತ್ರ, ಹೊರಟುನಿಂತ ಯೇಸುವಿಗೆ ಚಿನ್ನದ ಚೀಲ ಇಟ್ಟು ಗೋಡೆಯ ಮರೆಯಲ್ಲಿ ಅಳುತ್ತದೆ. ಯೇಸುವಿನ ಹಿಂದೆ ಹೋಗಲು ಅದರಿಂದ ಆಗುವುದಿಲ್ಲ.

ಎಲ್ಲ ಕಡೆಯೂ ಗೆದ್ದಿದ್ದಾರೆಂದು ನಾನು ಹೇಳಲಾರೆ. ಶಿಷ್ಯ ತೋಮನಿಗೆ ರಾಮಾ ಎಂಬ ಪ್ರೇಯಸಿಯನ್ನು ಕಲ್ಪಿಸಿ, ನಾಲ್ಕನೆಯ ಸರಣಿಯಲ್ಲಿ ರೋಮನ್ ಅಧಿಕಾರಿಯ ಕತ್ತಿಗೆ ಅವಳನ್ನು ಕೊಟ್ಟಾಗ ನನಗೆ ಕಸಿವಿಸಿಯಾಯಿತು. ತೋಮನ ಮುಂದಿನ ಅನುಮಾನಕ್ಕೆ ಅದು ಬೇರು ಎಂಬುದು ಅರ್ಥವಾಗುತ್ತದೆ. ಆದರೆ ಅಲ್ಲಿ ಸೋಗೆ ಹೊದಿಸುವ ಬದಲು ಹೊಸ ಕಂಬವನ್ನೇ ನೆಟ್ಟರು.

ಧಾರಾವಾಹಿಯ ಈ ರೀತಿಗೆ ತದ್ವಿರುದ್ಧದ ದಾರಿ ನಮ್ಮ ಕನ್ನಡದಲ್ಲೇ ಇದೆ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ಯೇಸುವಿನ ಕೊನೆಯ ದಿನವೊಂದನ್ನೇ ಆರಿಸಿಕೊಂಡರು. ಅವರದು ಹಿಂಡಿ ಗಟ್ಟಿಮಾಡುವ ದಾರಿ, ಧಾರಾವಾಹಿಯವರದು ಹಿಂಜಿ ಹರಡುವ ದಾರಿ.

ಮುಂದಿನ ಕ್ರಿಸ್ಮಸ್ಸಿಗೋ ಈಸ್ಟರಿಗೋ ನಮ್ಮ ಕಡೆ ಯಾರಾದರೂ ನಾಟಕ ಬರೆಯುವುದಾದರೆ, ಕಾನಾ ಊರಿನ ಮದುವೆಯನ್ನು ಆಳುಗಳ ಕಡೆಯಿಂದ ಬರೆಯಬಹುದು. ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಯಜಮಾನನಿಗೆ ಗೊತ್ತಿರಲಿಲ್ಲ, ನೀರು ತಂದ ಆಳುಗಳಿಗೆ ಗೊತ್ತಿತ್ತು ಎಂದು ಯೋಹಾನನೇ ಬರೆದಿದ್ದಾನೆ. ಆರು ಕಲ್ಲಿನ ಬಾನಿಗಳು. ಒಂದೊಂದಕ್ಕೆ ಸುಮಾರು 80ರಿಂದ 120 ಲೀಟರ್. 15 ಲೀಟರಿನ ಬಿಂದಿಗೆಯಲ್ಲಿ ಹೊತ್ತರೂ ಕಡಿಮೆಯೆಂದರೆ 32 ಬಿಂದಿಗೆ. ಮದುವೆಮನೆಯಿಂದ ಬಾವಿ ಎಷ್ಟು ದೂರವಿತ್ತು? ಕುಡಿಯಲು ರಸವಿಲ್ಲದ ಹೊತ್ತಿನಲ್ಲಿ ನೀರು ಹೊರಲು ಹೇಳಿದಾಗ ಅವರು ಒಬ್ಬರಿಗೊಬ್ಬರು ಏನು ಹೇಳಿಕೊಂಡರು? ಕೊನೆಯ ಬಿಂದಿಗೆ ಸುರಿದವಳು ಯಾರು?